ಬೊಲೊನ್ಯಾದಲ್ಲಿ ಅವ್ವ ಲಟ್ಟಿಸಿದ ಲಸಾನ್ಯಾ ಹಾಳೆ

ಈಗ ವಿಡಿಯೋದಲ್ಲಿ ಕಾಣ್ತಾ ಇರೋದು ನಮ್ಮ ಅವ್ವ. ಧಾರವಾಡದಿಂದ ಬಂದು ನಾಲ್ಕು ದಿನ ಆಯಿತು. ಇಟಲಿಯ ಬೊಲೊನ್ಯಾದ ಸೂಪರ್‌ಮಾರ್ಕೆಟ್‌ನಲ್ಲಿ ಪಾಸ್ತಾ ಸಾಲಿನ ಮುಂದೆ ನಿಂತಿದ್ದಾಳೆ. ಒಂದು ಡಬ್ಬಿ ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದೇನ ಹಪ್ಪಳಾ?" ಅಂತ ಕೇಳುತ್ತಿದ್ದಾಳೆ.

ಹಪ್ಪಳ ಅಲ್ಲ, ಲಸಾನ್ಯಾ ಹಾಳೆ. ಇಂಥ ಪಾಸ್ತಾ ಹಾಳೆಗಳ ನಡುವೆ ಸಾಸ್, ಚೀಸ್ ಹಾಕಿ ಒವನ್‌ನಲ್ಲಿ ಬೇಯಿಸಿದರೆ ಲಸಾನ್ಯಾ. ಆದರೆ ಇವತ್ತು ಯಾವುದೋ ಒಂದು ಡಬ್ಬಿ ಎತ್ತಿಕೊಂಡು ಹೋಗುವ ಹಾಗಿಲ್ಲ. ಅವ್ವ ಮೊಟ್ಟೆ ತಿನ್ನುವುದಿಲ್ಲ. ಈ ಊರಲ್ಲೋ ಲಸಾನ್ಯಾ ಅಂದರೆ ಮೊದಲು ಮೊಟ್ಟೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಇದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಅದೇ ಹಿಟ್ಟಿಗೆ ಪಾಲಕ್ ಸೇರಿಸಿ ಹಸಿರು ಹಾಳೆ ಮಾಡುತ್ತಾರೆ. ನೋಡಿ, ಆ ಗಾಜಿನ ಹಿಂದೆ ಇರುವುದು ಅದೇ. ನೋಡೋಕೆ ಮಾತ್ರ, ಮುಂದೆ ಹೋಗೋಣ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. "ಆಲ್‌ವೊವೊ" ಅಂತ ಇದ್ದರೆ ಮೊಟ್ಟೆ ಇದೆ. ಅದೂ ಸುಮ್ನೆ ಹೆಸರಿಗಲ್ಲ. ಇಟಲಿಯಲ್ಲಿ ಮೊಟ್ಟೆ ಪಾಸ್ತಾ ಅಂತ ಮಾರಬೇಕಾದರೆ ಒಂದು ಕಿಲೋ ರವೆಗೆ ಕನಿಷ್ಠ 200 ಗ್ರಾಂ ಮೊಟ್ಟೆ ಹಾಕಿರಲೇಬೇಕು, ಕಾನೂನೇ ಇದೆ. ನಮಗೆ ಬೇಕಾದದ್ದು "ಸೆಮೊಲಾ ದಿ ಗ್ರಾನೊ ದುರೊ" ಮತ್ತು ನೀರು, ಅಷ್ಟೇ ಇರುವ ಡಬ್ಬಿ. ಅಂದರೆ ದುರುಂ ಗೋಧಿಯ ರವೆ. ನಮ್ಮ ಕಡೆ ಹುಗ್ಗಿಗೆ ಹಾಕುವ ಜವೆಗೋಧಿ ಇದಕ್ಕೆ ದಾಯಾದಿ ಅನ್ನಬಹುದು. ಗಟ್ಟಿ ಕಾಳು, ಸ್ವಲ್ಪ ಹಳದಿ. ಕುದಿಸಿದರೂ ಹಾಳೆ ಅಷ್ಟು ಸುಲಭಕ್ಕೆ ಕರಗಿ ಹೋಗುವುದಿಲ್ಲ.

ಇನ್ನೊಂದು ವಿಷಯ, ಚೀಸ್. ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗಿದ್ದು. ಅವ್ವನಿಗಾಗಿ ಸಸ್ಯಮೂಲದ ರೆನೆಟ್ ಅಂತ ಬರೆದಿರುವ ಬೇರೆ ಚೀಸ್ ತೆಗೆದುಕೊಂಡೆ.

ಈಗ ಈ ಡಬ್ಬಿ. ಕುದಿಸುವ ಅಗತ್ಯವಿಲ್ಲ ಅಂತ ಬರೆದಿದೆ. ಇದರ ಜೊತೆ ನನಗೆ ಹಳೇ ಜಗಳ ಇದೆ. ಬಂದ ಮೊದಲ ವರ್ಷ ಅಣಬೆ ಸಾಸ್ ಮಾಡಿದ್ದೆ, ಒಳ್ಳೇ ಪಲ್ಯದ ಹಾಗೆ ಗಟ್ಟಿ. ಹಾಳೆ ಮೇಲೆ ಹಾಳೆ ಜೋಡಿಸಿ ಒವನ್‌ಗೆ ಇಟ್ಟೆ. ಹೊರಗೆ ಬಂದಾಗ ಮೂಲೆಗಳು ಕರುಮ್ ಕರುಮ್. ರೂಮ್‌ಮೇಟ್ ಚಮಚ ಬಿಟ್ಟು ಕೈಯಲ್ಲೇ ಮುರಿದು ತಿಂದಳು. ತಪ್ಪು ಡಬ್ಬಿಯದಲ್ಲ, ನನ್ನದು. ಕುದಿಸದ ಹಾಳೆ ಬೇಯಲು ನೀರು ಎಲ್ಲಿಂದ ಬರಬೇಕು ಹೇಳಿ? ಸಾಸ್‌ನಿಂದಲೇ ಅಲ್ವಾ? ಹಾಗಾಗಿ ಈ ಹಾಳೆ ತಂದರೆ ಸಾಸ್ ಸಾರಿಗಿಂತ ಸ್ವಲ್ಪವೇ ಗಟ್ಟಿ ಇರಲಿ. ಮೇಲೆ ಬೆಷಮೆಲ್, ಅಂದರೆ ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸ್, ಧಾರಾಳವಾಗಿ ಸುರಿಯಿರಿ, ಮೂಲೆ ಒಂದೂ ಬರಿದಾಗಿ ಕಾಣಬಾರದು. ಮೊದಲ ಇಪ್ಪತ್ತು ನಿಮಿಷ ಫಾಯಿಲ್ ಮುಚ್ಚಿ. ಹಾಳೆ ನೋಡಿ ಸಾಸ್ ಮಾಡಬೇಕು. ನಾವು ಸಾಸ್ ಮಾಡಿಟ್ಟು ಆಮೇಲೆ ಹಾಳೆ ಹುಡುಕುತ್ತೇವೆ.

ಕುದಿಸುವ ಹಾಳೆ ಆದರೆ ಲೆಕ್ಕ ಹೀಗಿದೆ. 100 ಗ್ರಾಂ ಹಾಳೆಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಬೇಡ, ಅದು ಮೇಲೆ ತೇಲಿಕೊಂಡಿರುತ್ತದೆ, ಕೆಳಗಿನ ಹಾಳೆಗೆ ಏನೂ ಉಪಯೋಗವಿಲ್ಲ. ಒಂದು ಸಲಕ್ಕೆ ನಾಲ್ಕೇ ಹಾಳೆ. ಡಬ್ಬಿ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ತೆಗೆಯಿರಿ, ಉಳಿದದ್ದು ಒವನ್‌ನಲ್ಲಿ ಬೇಯುತ್ತದೆ. ತಕ್ಷಣ ತಣ್ಣೀರಿಗೆ ಹಾಕಿ. ಆಮೇಲೆ ಬಟ್ಟೆ ಮೇಲೆ ಒಂದೊಂದಾಗಿ ಹರಡಿ. ನಾನೊಮ್ಮೆ ಎಲ್ಲವನ್ನೂ ಜರಡಿಗೆ ಸುರಿದು ಫೋನ್ ಎತ್ತಲು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಹನ್ನೆರಡು ಹಾಳೆ ಹೋಗಿ ಒಂದೇ ಮುದ್ದೆ ಇತ್ತು.

ಇಷ್ಟೆಲ್ಲ ವಿವರಿಸಿದ ಮೇಲೆ ಅವ್ವ ಡಬ್ಬಿ ವಾಪಸ್ ಇಟ್ಟಳು. "ರವಾ, ನೀರು ಅಷ್ಟ ಅಂದಮ್ಯಾಲ ಮನ್ಯಾಗ ಲಟ್ಟಸೂಣಲ್ಲ."

ಸರಿ. ಇದು ಸೆಮೊಲಾ ರಿಮಾಚಿನಾತಾ, ಎರಡು ಸಲ ಬೀಸಿದ ರವೆ. ನಮ್ಮ ಚಿರೋಟಿ ರವೆಗಿಂತ ನುಣುಪು. 400 ಗ್ರಾಂ ರವೆಗೆ 200 ಎಂಎಲ್ ಬೆಚ್ಚಗಿನ ನೀರು. ಮೊದಲು ಪುಡಿಪುಡಿ ಆಗುತ್ತದೆ, ಇನ್ನಷ್ಟು ನೀರು ಹಾಕಬೇಕು ಅನಿಸುತ್ತದೆ. ಹಾಕಬೇಡಿ, ನಾದಿ. ಹತ್ತು ನಿಮಿಷ ಬೇಕು. ನಾನು ಆರನೇ ನಿಮಿಷಕ್ಕೆ ಬಿಟ್ಟೆ. ಇದು ಅವ್ವನ ಕೈ. ಹೋಳಿಗೆ ಕಣಕ ನಾದಿದ ಕೈ, ಕೇಳಬೇಕಾ? ಆಮೇಲೆ ಬೋಗುಣಿ ಬೋರಲು ಹಾಕಿ ಅರ್ಧ ಗಂಟೆ. ನಾನು ಹದಿನೈದು ನಿಮಿಷಕ್ಕೇ ಎತ್ತಿ ನೋಡಿದ್ದಕ್ಕೆ ಬೈಸಿಕೊಂಡೆ. "ನೆನೀಲಿ ಬಿಡ, ಎಲ್ಲಿಗೆ ಓಡಿಹೋಗೂದೈತಿ?"

ಲಟ್ಟಣಿಗೆ ನಮ್ಮ ಹತ್ತಿರ ಇರಲಿಲ್ಲ. ಕೆಳಗಿನ ಮನೆಯ ಅಜ್ಜಿಯನ್ನು ಕೇಳಿದೆ. ಮತ್ತಾರೆಲ್ಲೊ, ಅಂದರೆ ಇಲ್ಲಿಯ ಲಟ್ಟಣಿಗೆ, ಹಿಡಿದುಕೊಂಡು ಅವರೇ ಮೇಲೆ ಬಂದರು. ನೋಡಿ, ಎಷ್ಟು ಉದ್ದ! ಹೆಚ್ಚುಕಮ್ಮಿ ಒಂದು ಮೀಟರ್. ಅವ್ವ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ, "ಇದು ಕಳ್ಳರಿಗೆ ಹೊಡಿಯೂದು" ಅಂದಳು. ನಾನು ಅನುವಾದ ಮಾಡಲಿಲ್ಲ.

ಇಲ್ಲಿ ಒಂದು ಮಾತಿದೆ. ಹಾಳೆ ಎಷ್ಟು ತೆಳ್ಳಗಿರಬೇಕು ಅಂದರೆ, ಎತ್ತಿ ಹಿಡಿದರೆ ಅದರ ಆಚೆ ಸಾನ್ ಲೂಕಾ ಕಾಣಬೇಕಂತೆ. ಊರಾಚೆ ಗುಡ್ಡದ ಮೇಲಿನ ಚರ್ಚ್ ಅದು, 666 ಕಮಾನುಗಳ ಕೆಳಗೆ ನಡೆದುಕೊಂಡು ಹೋಗಬೇಕು. ನಮ್ಮ ಅಡುಗೆಮನೆ ಕಿಟಕಿಗೆ ಅಂಥ ಭಾಗ್ಯವಿಲ್ಲ. ಎದುರುಮನೆಯ ಬಟ್ಟೆಹಗ್ಗ ಕಾಣುತ್ತದೆ. ಅಜ್ಜಿ ಹಾಳೆ ಎತ್ತಿ ಹಿಡಿದರು. ಕೆಂಪು ಟವೆಲ್ ಕಂಡಿತು. ಪಾಸ್.

ಮನೆಯಲ್ಲಿ ಮಾಡಿದ ಹಾಳೆಗೆ ಕುದಿಯುವ ನೀರಲ್ಲಿ ಒಂದೇ ನಿಮಿಷ ಸಾಕು. ಆಮೇಲೆ ಅದೇ ತಣ್ಣೀರು, ಅದೇ ಬಟ್ಟೆ. ಅಣಬೆ ಸಾಸ್, ಬೆಷಮೆಲ್, ಚೀಸ್, ಆರು ಪದರ. 180 ಡಿಗ್ರಿಯಲ್ಲಿ ಅರ್ಧ ಗಂಟೆ. ತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ, ಇಲ್ಲದಿದ್ದರೆ ತಟ್ಟೆಯಲ್ಲಿ ಕುಸಿದು ಬೀಳುತ್ತದೆ.

ಆ ಕಾಲು ಗಂಟೆಯಲ್ಲಿ ಅವ್ವ ಸುಮ್ನೆ ಕೂರಲಿಲ್ಲ. ಹಾಳೆ ಕತ್ತರಿಸುವಾಗ ಉಳಿದ ಅಂಚುಗಳು ಇದ್ದವಲ್ಲ, ಅವನ್ನೆಲ್ಲ ಬಾಚಿ, ಒಲೆ ಮೇಲೆ ಕುದಿಯುತ್ತಿದ್ದ ಬೇಳೆ ಸಾರಿಗೆ ಹಾಕಿಬಿಟ್ಟಳು. ಅಜ್ಜಿ ಪಾತ್ರೆಯೊಳಗೆ ಬಗ್ಗಿ ನೋಡಿದರು. "ಮಾಲ್ತಾಲ್ಯಾತಿ!" ಅಂದರು. ಇಲ್ಲೂ ಉಳಿದ ಅಂಚುಗಳನ್ನು ಹುರುಳಿಕಾಯಿ ಬೀಜದ ಸೂಪ್‌ಗೆ ಹೀಗೇ ಹಾಕುತ್ತಾರೆ, ಅದಕ್ಕೆ ಅಡ್ಡಾದಿಡ್ಡಿ ಕತ್ತರಿಸಿದ್ದು ಅಂತಲೇ ಹೆಸರು. ಅಜ್ಜಿ ಲಸಾನ್ಯಾ ಒಂದು ತುಂಡು ತಿಂದರು. ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡರು.