ವಾನ್ ರೆನ್ಸಲರ್ ಮನೆತನದ ಗೇಣಿಪತ್ರ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ಎರಡೂ ದಡಗಳಲ್ಲಿ, 7 ಲಕ್ಷ ಎಕರೆಗೂ ಮಿಕ್ಕಿದ ಭೂಮಿ ಸುಮಾರು 200 ವರ್ಷ ಒಂದೇ ಡಚ್ ಮನೆತನದ ಕೈಯಲ್ಲಿತ್ತು. ಅದು ವಾನ್ ರೆನ್ಸಲರ್ ಮನೆತನ. ನೆದರ್‌ಲ್ಯಾಂಡ್ಸ್‌ನ ನೈಕರ್ಕ್ ಬಳಿಯ ರೆನ್ಸಲರ್ ಎಂಬ ಜಮೀನಿನಿಂದ ಈ ಅಡ್ಡಹೆಸರು ಬಂತು. 

ಡಚ್ ವೆಸ್ಟ್ ಇಂಡಿಯಾ ಕಂಪನಿ 1629ರಲ್ಲಿ ಒಂದು ಸನದು ಹೊರಡಿಸಿತು. 15 ವರ್ಷ ದಾಟಿದ 50 ಮಂದಿಯನ್ನು 4 ವರ್ಷದೊಳಗೆ ಕರೆತಂದು ಒಕ್ಕಲು ಕೂರಿಸಿದರೆ ನದಿಯಂಚಿನ ಭೂಮಿ, ಜೊತೆಗೆ ‘ಪಟ್ರೂನ್’, ಅಂದರೆ ಆ ಭೂಮಿಯ ಧಣಿ ಎಂಬ ಪದವಿ. ಆಮ್‌ಸ್ಟರ್‌ಡ್ಯಾಮಿನ ವಜ್ರ, ಮುತ್ತಿನ ವ್ಯಾಪಾರಿ ಕಿಲಿಯಾನ್ ವಾನ್ ರೆನ್ಸಲರ್ 1630ರಲ್ಲಿ ತನ್ನ ಕಾರಭಾರಿಗಳ ಮೂಲಕ ಮೊಹಿಕನ್ ಜನರಿಂದ ಜಮೀನು ಬರೆಸಿಕೊಂಡ. ತಾನು ಮಾತ್ರ ಕಡಲು ದಾಟಲೇ ಇಲ್ಲ. 1664ರಲ್ಲಿ ಇಂಗ್ಲಿಷರು ಬಂದರು, 1685ರಲ್ಲಿ ಅವರೂ ಒಡೆತನವನ್ನು ಪಕ್ಕಾ ಮಾಡಿಕೊಟ್ಟರು.

ಮನೆತನದ ನಿಜವಾದ ಬಲವಿದ್ದದ್ದು ಗೇಣಿಪತ್ರದಲ್ಲಿ. ಮೂರನೆಯ ಸ್ಟೀಫನ್ ವಾನ್ ರೆನ್ಸಲರ್ (1764–1839) ಕಾಲದ ಪತ್ರವನ್ನೇ ನೋಡೋಣ. ಮೊದಲ 7 ವರ್ಷ ಗೇಣಿಯಿಲ್ಲ. ಕಾಡು ಕಡಿದು ಹೊಲ ಮಾಡಿಕೊಳ್ಳಲು ಅಷ್ಟು ಸಮಯ. ಆಮೇಲೆ 100 ಎಕರೆಗೆ ವರ್ಷಕ್ಕೆ 10ರಿಂದ 14 ಬುಶೆಲ್ ಗೋಧಿ, ಅಂದರೆ ಸುಮಾರು 270ರಿಂದ 380 ಕಿಲೋ. ಅದರ ಮೇಲೆ ನಾಲ್ಕು ಕೊಬ್ಬಿದ ಕೋಳಿ, ಕುದುರೆ ಗಾಡಿ ಸಮೇತ ಒಂದು ದಿನದ ಬಿಟ್ಟಿ. ತೆರಿಗೆ ಒಕ್ಕಲಿನದು, ಗಣಿಯ ಹಕ್ಕು, ಗಿರಣಿ ತಿರುಗಿಸುವ ನೀರಿನ ಹಕ್ಕು ಧಣಿಯದು. ಗೇಣಿಗೆ ಅವಧಿಯೇ ಇಲ್ಲ, ಮಕ್ಕಳು ಮೊಮ್ಮಕ್ಕಳವರೆಗೂ ನಡೆಯುತ್ತದೆ.

ಕುತ್ತಿಗೆ ಹಿಸುಕಿದ್ದು ಇನ್ನೊಂದು ಷರತ್ತು. ಒಕ್ಕಲು ತನ್ನ ಹಕ್ಕನ್ನು ಮಾರಿದರೆ ಬಂದ ಹಣದ ಕಾಲು ಭಾಗ ಧಣಿಗೆ. 400 ಡಾಲರಿಗೆ ಮಾರಿದರೆ 100 ಡಾಲರ್ ಅವನದು. ಮನೆ, ಕಣಜ, ಬೇಲಿ ಎಲ್ಲ ರೈತನ ಬೆವರಿನಿಂದ ಎದ್ದವು, ಅವುಗಳ ಬೆಲೆಯಲ್ಲೂ ಧಣಿಗೆ ಪಾಲು. ಇದು ಶುದ್ಧ ಅನ್ಯಾಯ.

ಈ ಜಮೀನಿಗೇ ಸೇರಿದ ಹೆಲ್ಡರ್‌ಬರ್ಗ್ ಗುಡ್ಡಗಳ ಮಣ್ಣು ತೆಳು, ಕಲ್ಲು ಹೆಚ್ಚು. ಗೋಧಿ ಇಳುವರಿ ಕುಸಿದರೂ ಗೇಣಿಯ ಲೆಕ್ಕ ಗೋಧಿಯಲ್ಲೇ ಉಳಿಯಿತು. 1825ರಲ್ಲಿ ಹಡ್ಸನ್ ನದಿಯನ್ನು ಪಶ್ಚಿಮದ ಈರಿ ಸರೋವರಕ್ಕೆ ಜೋಡಿಸುವ ಈರಿ ಕಾಲುವೆ ತೆರೆದ ಮೇಲೆ ಪಶ್ಚಿಮದ ಗೋಧಿಯೊಂದಿಗೆ ಇವರು ಪೈಪೋಟಿ ಮಾಡಲಾಗಲಿಲ್ಲ. ಸ್ಟೀಫನ್ ಬಾಕಿಗಾಗಿ ಬಿಗಿಹಿಡಿಯುತ್ತಿರಲಿಲ್ಲ, ಅದು ಸುಮಾರು 4 ಲಕ್ಷ ಡಾಲರಿಗೆ ಏರಿತು. 1839ರಲ್ಲಿ ಅವನು ತೀರಿಕೊಂಡಾಗ, ಬಾಕಿ ವಸೂಲಿ ಮಾಡಿ ಸಾಲ ತೀರಿಸಬೇಕೆಂದು ಉಯಿಲಿನಲ್ಲಿತ್ತು. ಒಕ್ಕಲು ತಿರುಗಿಬಿದ್ದಿತು. ಜಪ್ತಿಗೆ ಶೆರಿಫ್ (ಕಾನೂನು ಜಾರಿ ಅಧಿಕಾರಿ) ಬಂದರೆ ತಗಡಿನ ಕೊಂಬು ಊದಿ ಎಚ್ಚರಿಸುವುದು, ಛೀಟಿನ ಅಂಗಿ, ಮುಖವಾಡ ತೊಟ್ಟ ಗುಂಪು ಜಪ್ತಿ ತಡೆಯುವುದು ವರ್ಷಗಟ್ಟಲೆ ನಡೆಯಿತು.

1846ರ ರಾಜ್ಯ ಸಂವಿಧಾನ ಕೃಷಿಭೂಮಿಯ ಗೇಣಿಗೆ 12 ವರ್ಷದ ಮಿತಿ ಹಾಕಿತು, ಆದರೆ ಮುಂದಿನ ಪತ್ರಗಳಿಗೆ ಮಾತ್ರ. 1852ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಕಾಲುಪಾಲಿನ ಷರತ್ತನ್ನು ತಳ್ಳಿಹಾಕಿತು. ಹಳೆಯ ಗೇಣಿಯನ್ನು ಮಾತ್ರ 1859ರಲ್ಲೂ ಎತ್ತಿಹಿಡಿಯಿತು. ಆದ್ದರಿಂದ ಬಹಳಷ್ಟು ರೈತರು ತಾವೇ ಹಸನು ಮಾಡಿದ ನೆಲಕ್ಕೆ ಇಡುಗಂಟು ತೆತ್ತು ಬಿಡುಗಡೆ ಪಡೆಯಬೇಕಾಯಿತು.