ಬೆಂಕಿ ರೋಗಕ್ಕೊಂದು ಕುಕ್ಕರ್ ಪಾಠ

ಹೋದ ವರ್ಷ ನಮ್ಮ ಮಾವ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಅಂಗೈ ಮೇಲೆ ಭತ್ತದ ಗರಿ. ಗರಿ ತುಂಬ ಕಣ್ಣಿನ ಆಕಾರದ ಚುಕ್ಕೆಗಳು, ನಡುವೆ ಬೂದಿ ಬಣ್ಣ, ಅಂಚಿಗೆ ಕಂದು. ಕೆಳಗೆ ಒಂದೇ ಸಾಲು: "ಎರಡು ಸಲ ಔಷಧಿ ಹೊಡೆದೆ, ಕೇಳ್ತಿಲ್ಲ."

ಬೆಂಕಿ ರೋಗ. ಗೊಬ್ಬರದಂಗಡಿಯಲ್ಲಿ ಏನು ಕೊಟ್ಟರು ಅಂತ ಕೇಳಿದೆ. ಟ್ರೈಸೈಕ್ಲಜೋಲ್. ಔಷಧಿ ಸರಿಯಾದದ್ದೇ. ಹೊಡೆದ ದಿನ ತಪ್ಪು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ.

ಈ ರೋಗ ತರುವುದು ಒಂದು ಶಿಲೀಂಧ್ರ. ಅದರ ಬೀಜಕಣ ಕಣ್ಣಿಗೆ ಕಾಣದಷ್ಟು ಚಿಕ್ಕದು, ಒಳಗೆ ಮೂರು ಕೋಣೆ. ಗಾಳಿಯಲ್ಲಿ ತೇಲಿ ಬಂದು ಗರಿಯ ಮೇಲೆ ಕೂರುತ್ತದೆ. ಭತ್ತದ ಗರಿಯ ಮೇಲೆ ನೀರು ನಿಲ್ಲುವುದಿಲ್ಲ, ಅಲ್ವಾ? ಮೇಣದ ಪದರ ಇದೆ, ಹನಿ ಉರುಳಿ ಹೋಗುತ್ತದೆ. ಆದರೆ ಇದು ಉರುಳುವುದಿಲ್ಲ. ಇಬ್ಬನಿ ಸೋಕಿದ ತಕ್ಷಣ ಕಣದ ತುದಿಯಿಂದ ಒಂದು ತೊಟ್ಟು ಅಂಟು ಹೊರಗೆ ಬರುತ್ತದೆ. ಆ ಅಂಟು ಟೆಫ್ಲಾನ್ ಮೇಲೂ ಹಿಡಿಯುತ್ತದೆ. ನಿಮ್ಮ ನಾನ್‌ಸ್ಟಿಕ್ ತವಾದಲ್ಲಿ ದೋಸೆ ಅಂಟದೇ ಇರಬಹುದು, ಇದು ಅಂಟುತ್ತದೆ!

ಒಂದೆರಡು ಗಂಟೆಯಲ್ಲಿ ಕಣ ಮೊಳೆತು ಸಣ್ಣ ಕೊಳವೆ ಬಿಡುತ್ತದೆ. ಕೆಳಗಿರುವುದು ಗಟ್ಟಿ, ನೀರು ಹಿಡಿಯದ ಜಾಗ ಅಂತ ಗೊತ್ತಾದರೆ ಕೊಳವೆಯ ತುದಿ ಗುಮ್ಮಟದ ಹಾಗೆ ಉಬ್ಬುತ್ತದೆ. ಕಣದೊಳಗಿನ ಸರಕೆಲ್ಲ ಆ ಗುಮ್ಮಟಕ್ಕೆ ಸಾಗುತ್ತದೆ, ಕಣ ಖಾಲಿಯಾಗಿ ಸಾಯುತ್ತದೆ. ಗುಮ್ಮಟದ ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಒಣದ್ರಾಕ್ಷಿ ನೆನೆಹಾಕಿದರೆ ಉಬ್ಬುತ್ತದಲ್ಲ, ಹಾಗೆ ಅದು ಹೊರಗಿನ ನೀರನ್ನು ಎಳೆಯುತ್ತದೆ. ಒತ್ತಡ ಏರುತ್ತದೆ.

ಎಷ್ಟು ಏರುತ್ತದೆ ಅಂತ 1991ರಲ್ಲಿ ಅಳೆದಿದ್ದಾರೆ. ಸುಮಾರು 80 ವಾಯುಭಾರ. ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಹೆಚ್ಚುಕಡಿಮೆ 1 ವಾಯುಭಾರದಷ್ಟು ಒತ್ತಡ ಏರಿದಾಗ. ಅಷ್ಟಕ್ಕೇ ನಾವು ಅಡುಗೆಮನೆಗೆ ಓಡುತ್ತೇವೆ. ಈ ಒತ್ತಡದಲ್ಲಿ ಗುಮ್ಮಟದ ತಳದಿಂದ ಒಂದು ಸಣ್ಣ ಮೊಳೆ ಹೊರಟು ಗರಿಯನ್ನು ತೂತು ಮಾಡುತ್ತದೆ. ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ತೋರಿಸಿದೆ.

ಕುಕ್ಕರ್ ಅಂದಮೇಲೆ ಗ್ಯಾಸ್ಕೆಟ್ ಬೇಕಲ್ಲ. ಇಲ್ಲಿ ಗ್ಯಾಸ್ಕೆಟ್ ಕೆಲಸ ಮಾಡುವುದು ಮೆಲನಿನ್, ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವ ಜಾತಿಯ ವಸ್ತುವೇ. ಗುಮ್ಮಟದ ಗೋಡೆಗೆ ಒಳಗಿನಿಂದ ಇದರ ಕಪ್ಪು ಪದರ ಕೂರುತ್ತದೆ. ನೀರು ಒಳಗೆ ಬರಬಹುದು, ಗ್ಲಿಸರಾಲ್ ಹೊರಗೆ ಸೋರುವಂತಿಲ್ಲ. ಈ ಶಿಲೀಂಧ್ರದಲ್ಲೇ ಮೆಲನಿನ್ ಇಲ್ಲದ ಬಿಳಿಚಿದ ತಳಿಗಳೂ ಇವೆ. ಅವು ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ಗರಿಯ ಮೇಲೆ ಬಿಟ್ಟರೆ ಒಳಗೆ ನುಗ್ಗಲು ಆಗುವುದಿಲ್ಲ. ಅದೇ ಗರಿಯನ್ನು ಸ್ವಲ್ಪ ಗೀರಿ ಗಾಯ ಮಾಡಿಕೊಟ್ಟರೆ ಆರಾಮಾಗಿ ಹೋಗಿಬಿಡುತ್ತವೆ!

ಟ್ರೈಸೈಕ್ಲಜೋಲ್ ಮಾಡುವುದು ಇಷ್ಟೇ: ಆ ಮೆಲನಿನ್ ತಯಾರಾಗದಂತೆ ತಡೆಯುತ್ತದೆ. ಗ್ಯಾಸ್ಕೆಟ್ ಕಿತ್ತು ಹಾಕುತ್ತದೆ. ನಾವು ಹೊಡೆಯುವ ಪ್ರಮಾಣಕ್ಕೆ, ಅಂದರೆ ಲೀಟರ್ ನೀರಿಗೆ 0.6 ಗ್ರಾಂ, ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಆದರೆ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಶಿಲೀಂಧ್ರನಾಶಕ ಎಂದೇ ಇರುತ್ತದೆ. ನಾಶಕ ಅಂತ ಓದಿದವರು ಏನು ಮಾಡುತ್ತಾರೆ? ರೋಗ ಕಾಣಿಸಿದ ಮೇಲೆ ಹೊಡೆಯುತ್ತಾರೆ. ಮಾವ ಮಾಡಿದ್ದೂ ಅದೇ. ಚುಕ್ಕೆ ಕಾಣಿಸುವ ಹೊತ್ತಿಗೆ ಅದು ಒಳಗೆ ಹೋಗಿ ನಾಲ್ಕೈದು ದಿನ ಆಗಿರುತ್ತದೆ. ಒಂದು ಜೀವಕೋಶದಿಂದ ಪಕ್ಕದ್ದಕ್ಕೆ, ಅವುಗಳ ನಡುವಿನ ಕಿಂಡಿಗಳಲ್ಲೇ ತೂರಿಕೊಂಡು, ಸದ್ದಿಲ್ಲದೆ ಹರಡಿರುತ್ತದೆ. ಆಗ ಹೊಡೆದದ್ದು ಹೊಸ ಗರಿಗಳನ್ನು ಕಾಪಾಡೀತು, ಆ ಗರಿಯನ್ನಲ್ಲ.

ಅಂಗಡಿಯವರನ್ನು ಮಾತ್ರ ಬೈಯುವುದು ಸುಲಭ. ಆದರೆ ನಮ್ಮ ಕೃಷಿ ಕರಪತ್ರಗಳನ್ನು ನೋಡಿ. ಔಷಧಿ ಹೆಸರು, ಗ್ರಾಂ, ಲೀಟರ್. ಯಾಕೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ರೈತರಿಗೆ ಅದೆಲ್ಲ ಯಾಕೆ ಅನ್ನುವ ಧೋರಣೆ. ಪಂಪಿನ ವಾಷರ್ ಹೋದರೆ ತಾನೇ ಬಿಚ್ಚಿ ಹಾಕುವ ಮನುಷ್ಯನಿಗೆ ಗ್ಯಾಸ್ಕೆಟ್ ಅರ್ಥ ಆಗುವುದಿಲ್ವಾ? ನಾನು ಮಾವನಿಗೆ ಫೋನಿನಲ್ಲಿ ಹೇಳಿದ್ದು ಈ ಕುಕ್ಕರ್ ಕತೆಯನ್ನೇ, ಐದು ನಿಮಿಷ. ಅವರು ಕೇಳಿದ ಮೊದಲ ಪ್ರಶ್ನೆ: "ಹಂಗಾದ್ರೆ ಯೂರಿಯಾ ಜಾಸ್ತಿ ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?" ಇದೆ. ಯೂರಿಯಾ ಜಾಸ್ತಿಯಾದರೆ ಈ ರೋಗವೂ ಜಾಸ್ತಿ. ನಾನು ಆ ಮಾತೇ ಎತ್ತಿರಲಿಲ್ಲ.

ಅಂದಹಾಗೆ ರಾಗಿಗೂ ಇದೇ ಬೆಂಕಿ ರೋಗ ಬರುತ್ತದೆ. ಅಲ್ಲಿ ಜಿಪಿಯು 28 ತರಹದ ತಳಿಗಳು ತಾವೇ ತಡೆದುಕೊಳ್ಳುತ್ತವೆ, ಪಂಪು ಹೆಗಲಿಗೇರಿಸುವ ಕೆಲಸವೇ ಕಮ್ಮಿ. ಭತ್ತದಲ್ಲಿ ಮಾತ್ರ ತೆನೆಯ ಕುತ್ತಿಗೆಗೆ ಬಿದ್ದರೆ ಕಾಳು ಜೊಳ್ಳು, ಆಮೇಲೆ ಏನು ಹೊಡೆದರೂ ಅಷ್ಟೇ.

ಈ ಸಲ ಮೊನ್ನೆ ಬೆಳಗ್ಗೆ ಆರಕ್ಕೇ ಮಾವನ ಫೋನ್. ಬದುವಿನ ಮೇಲೆ ನಿಂತಿದ್ದರು. ಗದ್ದೆಯಲ್ಲಿ ತೆನೆ ಹೊರಡುವ ಹೊತ್ತು. "ಹೊಡೆ ಬರ್ತಾ ಇದೆ ಕಣೋ, ಇಬ್ಬನಿನೂ ಜೋರು. ಚುಕ್ಕೆ ಇನ್ನೂ ಒಂದೂ ಇಲ್ಲ. ಹೊಡೀಲಾ?"

"ಹೊಡೀರಿ ಮಾವ" ಅಂದೆ.