ಬಿಂದಿಗೆ ಬಾವಿಯಲ್ಲೇ ಇದೆ

ಎಲ್ಲರಿಗೂ ನಮಸ್ಕಾರ.

ಆಟಿಸಂ ಇರುವ ಮಕ್ಕಳ ನೆನಪಿನ ಬಗ್ಗೆ ಮಾತಾಡೋಣ ಅಂತ ಭಾನುವಾರ ಬೆಳಗ್ಗೆ ಬಸವನಗುಡಿಗೆ ಇಷ್ಟು ಜನ ತಂದೆತಾಯಿ ಬಂದಿದ್ದೀರಿ. ಆಟಿಸಂ ಅಂದರೆ ಮಾತು, ಒಡನಾಟ, ಗ್ರಹಿಕೆ ಬೇರೆ ಥರ ಬೆಳೆಯುವ ಸ್ಥಿತಿ, ನಿಮಗೆಲ್ಲ ಗೊತ್ತೇ ಇದೆ. ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬರೋದು ಅನ್ನೋದೇ ನಮ್ಮ ಮನೆಗಳಲ್ಲಿ ದೊಡ್ಡ ಚಿಂತೆ. ಕರೆದುಕೊಂಡೇ ಬಂದವರೂ ಇದ್ದೀರಿ, ಒಳ್ಳೆಯದಾಯಿತು. ಅವರು ಓಡಾಡಲಿ, ಸದ್ದು ಮಾಡಲಿ. ಯಾರೂ ಮುಜುಗರ ಪಡಬೇಡಿ.

ನಾನು ಡಾಕ್ಟರ್ ಅಲ್ಲ. ಇದೇ ಊರಿನಲ್ಲಿ ಸ್ಪೆಷಲ್ ಟೀಚರ್ ಆಗಿ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು, ಆಟಿಸಂ ಇರುವ ಒಬ್ಬ ತಮ್ಮನಿಗೆ ಅಕ್ಕ. ಅವನ ವಿಷಯ ಇಲ್ಲಿ ಹೇಳಬಹುದಾ ಅಂತ ಅವನನ್ನೇ ಕೇಳಿದೆ. ಹೇಳಬೇಕು ಅಂದುಕೊಂಡಿದ್ದ ಐದು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಎರಡರ ಮೇಲೆ ಗೀಟು ಎಳೆದ. ಮೂರು ಉಳಿದವು. ಆ ಮೂರನ್ನು ಮಾತ್ರ ಹೇಳುತ್ತೇನೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಮಗು ಸ್ಕೂಲಿಂದ ಬರುತ್ತದೆ. ಶೂ ಬಿಚ್ಚುತ್ತಾ ಇರುವಾಗಲೇ ನಾವು ಕೇಳುತ್ತೇವೆ, ‘ಇವತ್ತು ಏನಾಯ್ತು ಪುಟ್ಟಾ?’ ಉತ್ತರ ಇಲ್ಲ. ಅಥವಾ ‘ಏನಾಯ್ತು ಪುಟ್ಟಾ’ ಅಂತ ನಮ್ಮ ಮಾತೇ ವಾಪಸ್ ಬರುತ್ತದೆ. ಅದೇ ಮಗು ರಾತ್ರಿ ಮಲಗುವಾಗ, ಎರಡು ವರ್ಷದ ಹಿಂದೆ ಅತ್ತೆ ಮನೆಯಲ್ಲಿ ಫ್ಯಾನಿನ ಒಂದು ರೆಕ್ಕೆ ಬಾಗಿತ್ತು ಅನ್ನುತ್ತದೆ. ನಿಮ್ಮಲ್ಲಿ ಎಷ್ಟೋ ಜನ ತಲೆಯಾಡಿಸುತ್ತಿದ್ದೀರಿ. ಹಾಗಾದರೆ ಈ ಮಗುವಿಗೆ ನೆನಪಿನ ಶಕ್ತಿ ಜಾಸ್ತಿಯೋ, ಕಡಿಮೆಯೋ?

ಜಾಸ್ತಿ ಅಂತ ನಂಬುವವರೇ ಹೆಚ್ಚು. ಅದಕ್ಕೆ ಕಾರಣವೂ ಇದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಅನ್ನುವ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂನ ಚರಿತ್ರೆ ಹೇಳುವವರೆಲ್ಲ ಆ ಲೇಖನಕ್ಕೆ ಬಂದೇ ಬರುತ್ತಾರೆ. ಈ ಮಕ್ಕಳ ಬಾಯಿಪಾಠದ ಶಕ್ತಿ ಕ್ಯಾನರ್‌ಗೆ ಎದ್ದು ಕಂಡಿತು. ಡೊನಾಲ್ಡ್ ಅನ್ನುವ ಹುಡುಗ ಇನ್ನೂ ಎಳೆಯವನಿರುವಾಗಲೇ ಅಮೆರಿಕದ ಅಧ್ಯಕ್ಷರುಗಳ ಹೆಸರುಗಳನ್ನು ಹೇಳುತ್ತಿದ್ದ. ಚರ್ಚಿನ ಪ್ರಶ್ನೋತ್ತರ 25 ಅವನಿಗೆ ಬಾಯಿಗೆ ಬರುತ್ತಿದ್ದವು. ಮಕ್ಕಳ ಈ ಶಕ್ತಿ ನೋಡಿ ತಂದೆತಾಯಿ ಇನ್ನಷ್ಟು ಮತ್ತಷ್ಟು ತುಂಬುತ್ತಾ ಹೋದರು ಅಂತಲೂ ಕ್ಯಾನರ್ ಬರೆದಿದ್ದಾರೆ.

ನಮ್ಮಲ್ಲೂ ಇದೇ ಅಲ್ವಾ? ನೆಂಟರು ಬಂದ ಕೂಡಲೇ ಮಗುವನ್ನು ಕರೆದು ನಿಲ್ಲಿಸುತ್ತೇವೆ. ‘ಹತ್ತೊಂಬತ್ತರ ಮಗ್ಗಿ ಹೇಳು, ಅಂಕಲ್‌ಗೆ ಶ್ಲೋಕ ಹೇಳು.’ ಮಗು ಹೇಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಈ ಮಗು ಇವತ್ತು ಯಾಕೆ ಊಟದ ಡಬ್ಬಿ ತೆರೆಯದೆ ವಾಪಸ್ ತಂದಿದೆ ಅನ್ನೋದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಚಪ್ಪಾಳೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಒಮ್ಮೆ ನೋಡಿದ ಊರನ್ನು ಹಾಗೇ ಬಿಡಿಸಿಡುವ ಸ್ಟೀಫನ್ ವಿಲ್ಟ್‌ಶೈರ್ ಅವರಂಥ ಆಟಿಸಂ ಇರುವ ಚಿತ್ರಕಾರರು ಇದ್ದಾರೆ, ನಿಜ. ಆದರೆ ಅಂಥ ಶಕ್ತಿ ಇರುವವರು ಕೆಲವೇ ಜನ. ಅವರನ್ನು ಅಳತೆಗೋಲು ಮಾಡಿಕೊಂಡರೆ ನಮ್ಮ ಮಕ್ಕಳಿಗೆ ಅನ್ಯಾಯ ಆಗುತ್ತದೆ.

ನೆನಪು ಅಂದರೆ ಒಂದೇ ಡಬ್ಬಿ ಅಲ್ಲ. ಎಂಡೆಲ್ ಟಲ್ವಿಂಗ್ ಅನ್ನುವ ಮನಶ್ಶಾಸ್ತ್ರಜ್ಞರು 1972ರಲ್ಲಿ ಅದನ್ನು ಎರಡು ಬಗೆ ಮಾಡಿ ತೋರಿಸಿದರು. ಒಂದು, ತಿಳಿದುಕೊಂಡ ವಿಷಯದ ನೆನಪು. ಇನ್ನೊಂದು, ನಾವೇ ಕಂಡು ಉಂಡು ಅನುಭವಿಸಿದ ಘಟನೆಯ ನೆನಪು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಇದು ವಿಷಯ. ಆ ದಿನ ಊರಲ್ಲೇ ಇಲ್ಲದವರೂ ಇದನ್ನು ಕಲಿತು ಹೇಳಬಹುದು. ಮೊದಲ ಸಲ ನೀವು ಆ ರೈಲು ಹತ್ತಿದಾಗ ಪಕ್ಕದಲ್ಲಿ ಯಾರಿದ್ದರು, ಕಿಟಕಿಯಿಂದ ಏನು ಕಂಡಿತು, ಇದು ಘಟನೆ. ಇದನ್ನು ನೆನೆಯಬೇಕಾದರೆ ಮನಸ್ಸು ಆ ದಿನಕ್ಕೆ ವಾಪಸ್ ಹೋಗಿ ಬರಬೇಕು.

ಶುರುವಿನ ದಿನಗಳಲ್ಲೇ ಅಮ್ಮ, ನಾನು, ತಮ್ಮ ಮೂವರೂ ಆ ರೈಲಿನಲ್ಲಿ ಹೋಗಿದ್ದೆವು. ಚೀಟಿಯಲ್ಲಿದ್ದ ಮೊದಲ ಸಂಗತಿ ಇದು. ಮನೆಗೆ ಬಂದ ಮೇಲೆ ಮಾವ ಕೇಳಿದರು, ‘ಹೇಗಿತ್ತಪ್ಪಾ ಮೆಟ್ರೊ?’ ತಮ್ಮ ಹೇಳಿದ, ‘ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ.’ ಆರೂ ಸ್ಟೇಷನ್, ಸರಿಯಾದ ಕ್ರಮದಲ್ಲಿ. ಮಾವ ಮತ್ತೆ ಕೇಳಿದರು, ‘ಮಜಾ ಬಂತಾ? ಏನೇನು ಮಾಡಿದ್ರಿ?’ ಸುಮ್ಮನಾದ. ಅವನಿಗೆ ಅದೆಲ್ಲ ತಲೆಗೇ ಹೋಗಿಲ್ಲ ಅಂತ ಮಾವ ತೀರ್ಮಾನ ಮಾಡಿದರು. ಆದರೆ ರಾತ್ರಿ ಅಮ್ಮ ತಾವು ಒಯ್ದಿದ್ದ ನೀಲಿ ಚೀಲವನ್ನು ಗೂಟಕ್ಕೆ ಹಾಕುವಾಗ ಅವನು ತಾನಾಗಿಯೇ ಹೇಳಿದ, ‘ಜಿಪ್ ತೆರೆದಿತ್ತು. ರೈಲು ಹೊರಟಿತು. ಚಿಲ್ಲರೆ ಬಿತ್ತು. ಅಮ್ಮ ನಕ್ಕರು.’ ಇಡೀ ಘಟನೆ ಒಳಗೇ ಇತ್ತು. ಮಾವನ ಪ್ರಶ್ನೆಗೆ ಬರಲಿಲ್ಲ, ಚೀಲ ನೋಡಿದಾಗ ಬಂತು.

ಸಂಶೋಧಕರಿಗೂ ಸಿಕ್ಕಿದ್ದು ಇಂಥದ್ದೇ. 1960ರ ದಶಕದಲ್ಲಿ ಲಂಡನ್ನಿನಲ್ಲಿ ಬೆಯಾಟೆ ಹರ್ಮಲಿನ್ ಮತ್ತು ನೀಲ್ ಓಕಾನರ್ ಅನ್ನುವವರು ಮಕ್ಕಳಿಗೆ ಪದಗಳನ್ನು ಹೇಳಿ ನೆನಪಿನಿಂದ ಹೇಳಿಸಿದರು. ಕೆಲವು ಸಲ ಅರ್ಥವಿರುವ ವಾಕ್ಯ, ಕೆಲವು ಸಲ ಕಲಸಿಹಾಕಿದ ಪದಗಳು. ಅರ್ಥ ಇದ್ದಾಗ ಉಳಿದ ಮಕ್ಕಳಿಗೆ ತುಂಬಾ ಸುಲಭವಾಯಿತು. ಆಟಿಸಂ ಇರುವ ಮಕ್ಕಳಿಗೆ ಅರ್ಥದಿಂದ ಆದ ಸಹಾಯ ಅಷ್ಟು ದೊಡ್ಡದಿರಲಿಲ್ಲ. ನಾನು ನಿಮಗೆ ಸೀಬೆ, ಬಸ್ಸು, ಸಪೋಟ, ಆಟೊ, ಮಾವು, ಸೈಕಲ್ ಅಂತ ಹೇಳಿದರೆ ನೀವು ವಾಪಸ್ ಹೇಳುವಾಗ ಹಣ್ಣೆಲ್ಲ ಒಂದು ಕಡೆ, ಗಾಡಿಯೆಲ್ಲ ಒಂದು ಕಡೆ ಸೇರಿಸಿಕೊಳ್ಳುತ್ತೀರಿ. ನಿಮಗೆ ಗೊತ್ತೇ ಆಗದ ಹಾಗೆ ಈ ಕೆಲಸ ನಡೆದುಹೋಗುತ್ತದೆ. ಆಟಿಸಂ ಇರುವ ಎಷ್ಟೋ ಜನರಲ್ಲಿ ಇದು ತಾನಾಗಿ ಆಗೋದು ಕಡಿಮೆ. ಒಂದೊಂದು ಪದವೂ ಒಂಟಿಯಾಗಿ ಇರುತ್ತದೆ. ಬಿಡಿಬಿಡಿ ಹೂವು ಬುಟ್ಟಿಯಲ್ಲಿದೆ, ದಾರದಲ್ಲಿ ಪೋಣಿಸಿಲ್ಲ, ಅಷ್ಟೆ.

ಮುಂದೆ 1976ರಲ್ಲಿ ಜಿಲ್ ಬೌಚರ್ ಮತ್ತು ಎಲಿಜಬೆತ್ ವಾರಿಂಗ್ಟನ್ ಒಂದು ಮುಖ್ಯ ಸಂಗತಿ ಕಂಡರು. ‘ನೆನಪಿದ್ದದ್ದನ್ನೆಲ್ಲ ಹೇಳು’ ಅಂದಾಗ ಹಿಂದೆ ಬೀಳುತ್ತಿದ್ದ ಆಟಿಸಂ ಇರುವ ಮಕ್ಕಳು, ಒಂದು ಸುಳಿವು ಕೊಟ್ಟಾಗ ಉಳಿದವರ ಹಾಗೇ ಹೇಳುತ್ತಿದ್ದರು. 1997ರಲ್ಲಿ ಡರ್ಮಟ್ ಬೌಲರ್ ಮತ್ತು ಜೊತೆಗಾರರು ದೊಡ್ಡವರಲ್ಲೂ ಹೀಗೇ ಇರುವುದನ್ನು ನೋಡಿ, ಪ್ರಶ್ನೆಯಲ್ಲೇ ಆಸರೆ ಇದ್ದರೆ ಉತ್ತರ ಬರುತ್ತದೆ ಅನ್ನುವ ವಿವರಣೆ ಕೊಟ್ಟರು. ಇದನ್ನು ಮೊದಲ ಸಲ ಓದಿದಾಗ ನಾನು ಅತ್ತಿದ್ದೆ. ಇಷ್ಟು ವರ್ಷ ಅವನನ್ನು ತಪ್ಪಾಗಿ ಕೇಳುತ್ತಾ ಬಂದಿದ್ದೆವಲ್ಲ ಅಂತ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇವೆಲ್ಲ ಗುಂಪುಗಳ ಸರಾಸರಿ. ನಿಮ್ಮ ಮಗು ಬೇರೆ ಥರ ಇರಬಹುದು. ಇನ್ನೊಂದು, ಈ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಚೆನ್ನಾಗಿ ಮಾತಾಡಬಲ್ಲವರ ಮೇಲೇ ನಡೆದಿದೆ. ಮಾತು ಬಾರದ ಮಕ್ಕಳ ನೆನಪನ್ನು ಯಾರೂ ಅಷ್ಟು ಶ್ರದ್ಧೆಯಿಂದ ಹುಡುಕಿಲ್ಲ. ಇದು ದೊಡ್ಡ ಕೊರತೆ. ಅವರ ತಂದೆತಾಯಿ ಇಲ್ಲಿ ಕೂತಿದ್ದೀರಿ, ನಿಮಗೆ ಇದನ್ನು ಮುಚ್ಚಿಟ್ಟು ಮಾತಾಡಲು ನನಗೆ ಇಷ್ಟವಿಲ್ಲ.

ನಮ್ಮ ಅಜ್ಜಿ ಮನೆ ಚಾಮರಾಜಪೇಟೆಯಲ್ಲಿತ್ತು. ಹಿತ್ತಿಲಲ್ಲಿ ಸೇದೋ ಬಾವಿ. ಹಗ್ಗ ಜಾರಿ ಬಿಂದಿಗೆ ಒಳಗೆ ಬಿದ್ದರೆ ಅಜ್ಜಿ ಬಾವಿಯೊಳಗೆ ಬಗ್ಗಿ ಕೂಗುತ್ತಿರಲಿಲ್ಲ. ಪಕ್ಕದ ಮನೆಯಿಂದ ಪಾತಾಳಗರಡಿ ತರಿಸುತ್ತಿದ್ದರು. ಕಬ್ಬಿಣದ ಬಳೆ, ಸುತ್ತಲೂ ಕೊಕ್ಕೆಗಳು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನಿಧಾನವಾಗಿ ಆಡಿಸುತ್ತಾ ಇದ್ದರೆ ಯಾವುದೋ ಒಂದು ಕೊಕ್ಕೆ ಬಿಂದಿಗೆಯ ಕಂಠಕ್ಕೆ ಸಿಕ್ಕಿಕೊಳ್ಳುತ್ತಿತ್ತು. ‘ಇವತ್ತು ಏನಾಯ್ತು?’ ಅನ್ನೋದು ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ. ಮಗುವಿನ ಟಿಫಿನ್ ಡಬ್ಬಿ, ಕ್ಲಾಸಿನ ಫೋಟೊ, ಟೈಮ್‌ಟೇಬಲ್, ಅವನು ಕೂರುವ ಬೆಂಚಿನ ಚಿತ್ರ, ಇವು ಕೊಕ್ಕೆಗಳು.

ಚೀಟಿಯಲ್ಲಿದ್ದ ಎರಡನೇ ಸಂಗತಿ. ತಮ್ಮನಿಗೆ ಆಗ 10 ವರ್ಷ. ಒಂದು ಮಧ್ಯಾಹ್ನ ಎಡಗೈ ಸುಟ್ಟುಕೊಂಡು ಬಂದ. ಮೊಣಕೈ ಕೆಳಗೆ ಬೊಬ್ಬೆ ಎದ್ದಿತ್ತು. ಡೈರಿಯಲ್ಲಿ ಒಂದಕ್ಷರ ಬರೆದಿರಲಿಲ್ಲ. ‘ಏನಾಯ್ತು?’ ಅಂತ ಅಮ್ಮ ನೂರು ಸಲ ಕೇಳಿದರು. ಅವನು ಹೇಳಿದ್ದು ಎರಡೇ ಮಾತು, ‘ನೀಲಿ ಗೀಟು.’ ಮಾರನೇ ದಿನ ಸ್ಕೂಲಿನವರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು, ‘ಆಯಾ ಮಾಡಿದ್ರಾ? ಫ್ರೆಂಡ್ ಮಾಡಿದ್ನಾ? ನೀನೇ ಮಾಡ್ಕೊಂಡ್ಯಾ?’ ಅವನು ಕೊನೆಯ ಪದ ಹಿಡಿದುಕೊಂಡು ‘ನೀನೇ ಮಾಡ್ಕೊಂಡ್ಯಾ’ ಅಂದ. ಮುಗಿಯಿತು. ತಾನೇ ಒಪ್ಪಿಕೊಂಡಿದ್ದಾನೆ, ನೀಲಿ ಗೀಟು ಅಂತ ಸುಮ್ನೆ ಕಥೆ ಕಟ್ಟುತ್ತಾನೆ ಅಂದರು.

ಮೂರು ವಾರ ಕಳೆಯಿತು. ಒಂದು ಬೆಳಗ್ಗೆ ಅಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು. ಇವನು ಪಕ್ಕದಲ್ಲಿ ಕೂತು ಸೀಮೆಸುಣ್ಣದಿಂದ ಚೌಕಗಳನ್ನು ಎಳೆಯತೊಡಗಿದ. ಮೂರು ಉದ್ದ ಬೆಂಚು, ಮೂಲೆಯಲ್ಲಿ ನಲ್ಲಿ, ಚಕ್ರದ ಗಾಡಿಯ ಮೇಲೆ ದುಂಡನೆಯ ಪಾತ್ರೆ. ಅದು ಸ್ಕೂಲಿನ ಊಟದ ಹಾಲ್ ಅಂತ ನನಗೆ ಹೊಳೆಯಿತು. ಯಾಕೋ ನಾನು ಪ್ರಶ್ನೆ ಕೇಳಲಿಲ್ಲ. ‘ನೀನು’ ಅಂತ ಹೇಳಿ ಸೀಮೆಸುಣ್ಣದ ಕಡೆ ಕೈ ತೋರಿಸಿದೆ. ಎರಡನೇ ಬೆಂಚಿನ ತುದಿಯಲ್ಲಿ ಚುಕ್ಕೆ ಇಟ್ಟ. ಆಮೇಲೆ ಒಳಗೆ ಹೋಗಿ ನೀಲಿ ಸ್ಕೆಚ್ ಪೆನ್ ತಂದು ಪಾತ್ರೆಯ ಸುತ್ತ ಗೀಟು ಎಳೆದ. ಗಾಡಿಯಿಂದ ಚುಕ್ಕೆಯವರೆಗೆ ಬೆರಳಾಡಿಸಿದ. ‘ಜರುಗು ಅಂದ್ರು. ಗಾಡಿ ಬಂತು. ಸಾಂಬಾರ್.’ ಮತ್ತೆ ಬೆರಳನ್ನು ಗಾಡಿಗೆ ಒಯ್ದು ಅದೇ ದಾರಿಯಲ್ಲಿ ತಂದ. ನಾಲ್ಕು ಸಲ.

ಯಾರೂ ಬೇಕಂತ ಮಾಡಿದ್ದಲ್ಲ. ಅವಸರದಲ್ಲಿ ತಳ್ಳಿದ ಗಾಡಿ. ನಾವು ಹೋಗಿ ನೋಡಿದಾಗ ಆ ಪಾತ್ರೆಯ ಕಂಠದ ಸುತ್ತ ನೀಲಿ ಬಣ್ಣದ ಪಟ್ಟಿ ಇತ್ತು. ಮಗು ಮೊದಲ ದಿನವೇ ನಿಜ ಹೇಳಿತ್ತು. ತನ್ನ ಕೈಗೆ ಸಿಕ್ಕ ತುದಿಯಿಂದ ಹೇಳಿತ್ತು. ಅವನ ಹತ್ತಿರ ಯಾರೂ ಸಾರಿ ಅನ್ನಲಿಲ್ಲ.

ಬ್ರಿಟನ್ನಿನಲ್ಲಿ ಸಾಕ್ಷಿ ಹೇಳುವ ಆಟಿಸ್ಟಿಕ್ ಮಕ್ಕಳ ಬಗ್ಗೆ ಅಧ್ಯಯನ ನಡೆದಿದೆ. ನೋಡಿದ್ದನ್ನು ಚಿತ್ರ ಬರೆಯುತ್ತಾ ಹೇಳಲು ಬಿಟ್ಟರೆ ಅವರು ಹೆಚ್ಚು ವಿವರ ಕೊಡುತ್ತಾರೆ ಅಂತ ಅಲ್ಲಿ ಕಂಡುಬಂದಿದೆ. ಕಣ್ಣು ಮುಚ್ಚಿ ಆ ಜಾಗ ಕಲ್ಪಿಸಿಕೋ ಅನ್ನುವುದಕ್ಕಿಂತ ಇದು ಸಹಜ, ಏಕೆಂದರೆ ಕೊಕ್ಕೆಯನ್ನು ಮಗುವೇ ಮಾಡಿಕೊಳ್ಳುತ್ತದೆ. ದಯವಿಟ್ಟು ಒಂದನ್ನು ಗಮನದಲ್ಲಿಡಿ. ಪಾತಾಳಗರಡಿ ಇಳಿಬಿಡಬೇಕು. ನಮ್ಮ ಬಿಂದಿಗೆಯನ್ನೇ ಬಾವಿಗೆ ಹಾಕಿ, ನಾವೇ ಎತ್ತಿ, ಸಿಕ್ಕಿತು ಅನ್ನಬಾರದು. ‘ಅವನು ಹೊಡೆದನಾ?’ ಅಂತ ಕೇಳಿದರೆ ‘ಹೊಡೆದನಾ’ ಅಂತ ಬರುತ್ತದೆ. ಅದು ನೆನಪಲ್ಲ, ನಿಮ್ಮ ದನಿ. ಹೆಸರು ಹೇಳಬೇಡಿ, ಜಾಗ ತೋರಿಸಿ.

ತಂದೆತಾಯಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ, ಅಂಗವೈಕಲ್ಯ ಇರುವ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಮಾತಿನ ರೀತಿ ಬಲ್ಲವರ ನೆರವು ಪಡೆಯಲು ಅವಕಾಶ ಇದೆ. ಪೊಲೀಸರ ಮುಂದೆಯೂ, ಕೋರ್ಟಿನಲ್ಲೂ. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಇದೆ. ಯಾರಿಗೂ ಆ ದಿನ ಬರಬಾರದು. ಬಂದರೆ ಇದನ್ನು ಕೇಳಿ ಪಡೆಯಿರಿ.

ಮುಂದೆ ಮಾಡಬೇಕಾದ್ದನ್ನು ನೆನಪಿಡುವುದೂ ಒಂದು ಬಗೆಯ ನೆನಪೇ. ‘ನಾಲ್ಕು ಗಂಟೆಗೆ ಮಾತ್ರೆ ತಗೋ’ ಅನ್ನೋದು ಕಷ್ಟ. ಗಡಿಯಾರ ನೋಡಬೇಕು ಅನ್ನೋದನ್ನೇ ಮೊದಲು ನೆನಪಿಡಬೇಕಲ್ಲ. ‘ಕಾಫಿ ಕುಡಿದ ಲೋಟ ತೊಳೆದ ಮೇಲೆ ಮಾತ್ರೆ’ ಅಂದರೆ ಸುಲಭ. ಸಮಯಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ.

ಇನ್ನು ಮೂರನೆಯದು, ಚಿಕ್ಕದು. ತಮ್ಮನ ಆ ಗಾಯ ಮಾಸಿ ಎಷ್ಟೋ ವರ್ಷ ಆಯಿತು. ಈಗಲೂ ಮದುವೆ ಊಟದ ಪಂಕ್ತಿಯಲ್ಲಿ ಸಾಂಬಾರ್ ಬಕೆಟ್ ಹತ್ತಿರ ಬಂದರೆ ಅವನು ಎಡಗೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾನೆ. ಅವನು ಕರೆಯದೇ ಬರುವ ನೆನಪು ಅದು. ಬಡಿಸುವವರು ‘ಯಾಕಪ್ಪಾ, ಊಟ ಸೇರಲಿಲ್ವಾ?’ ಅನ್ನುತ್ತಾರೆ. ನಾನು ಬಲಗಡೆಯಿಂದ ಬಡಿಸಿ ಅಂತ ಹೇಳುತ್ತೇನೆ.

ನನ್ನ ಮಾತು ಇಷ್ಟೇ. ತಮ್ಮ ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕ ಕೂತಿದ್ದಾನೆ. ಏನಾದರೂ ಕೇಳುವವರಿದ್ದರೆ ಕೇಳಬಹುದು ಅಂತ ಹೇಳಿದ್ದಾನೆ. ಮೇಜಿನ ಮೇಲೆ ಚೀಟಿ, ಪೆನ್ನು ಇಟ್ಟಿದ್ದೇನೆ. ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆದು ಕೊಡಿ. ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು. ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿರಿ.